೩೮೭ನೇ ಚಿತ್ರದ ಬಲ ಅಂಚು

ಮೊದಲೇ ಹೇಳಿಬಿಡಬೇಕು, ಇದನ್ನು ಬರೆದ ಕೈಯ ಅಕ್ಷರ ಚೆನ್ನಾಗಿಲ್ಲ. ಸಾಲು ಬಲಕ್ಕೆ ಹೋದಂತೆ ಕೆಳಗಿಳಿಯುತ್ತದೆ, ಒತ್ತಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಮಾತೂ ಹಾಗೆಯೇ, ಯಾವುದನ್ನು ಎಲ್ಲಿಡಬೇಕೆಂದು ಸರಿಯಾಗಿ ತಿಳಿಯುವುದಿಲ್ಲ. ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟದ್ದು. ತಪ್ಪಿದ್ದಲ್ಲಿ ಮನ್ನಿಸಿ ಓದಬೇಕು. ಇದು ಪುಟ್ಟಮಾದ ಎಂಬುವನ ಸಂಗತಿ. ಬರೆದವಳು ಅವನ ಮಗಳು. ‘ನಾನು’ ಎಂದು ಬರೆಯಲು ಹೋದರೆ ಪೆನ್ನು ನಿಂತುಬಿಡುತ್ತದೆ. ಹಾಗಾಗಿ ಅವಳನ್ನೂ ಸಂಗೀತ ಎಂದು ಹೆಸರು ಹಿಡಿದೇ ಕರೆದಿದೆ.

ಪುಟ್ಟಮಾದ ಪಣಕಹಳ್ಳಿಯವನು. ಮಾತು ಕನ್ನಡ, ಊರು ಸೇರಿದ್ದು ತಮಿಳುನಾಡಿಗೆ. ಐವತ್ತು ದಾಟಿರಲಿಲ್ಲ ಎಂದು ಹೆಂಡತಿ ಚಿಕ್ಕತಾಯಮ್ಮ ಹೇಳುತ್ತಾಳೆ. ದಾಟಿತ್ತೋ ಏನೋ, ಅವನು ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಎಂದು ಹಾಕಿದ್ದರು. ತನ್ನದೆಂಬ ಒಂದು ಗೇಣು ಹೊಲ ಅವನಿಗಿರಲಿಲ್ಲ. ಆದರೆ ತಾಳವಾಡಿ ಸುತ್ತಿನ ಯಾವ ಹೊಲದ ಮಣ್ಣು ಹೇಗೆಂದು ಕೇಳಿದರೂ ಹೇಳುತ್ತಿದ್ದ. ಇಲ್ಲಿ ಬೆಳ್ಳುಳ್ಳಿ ಕಿತ್ತರೆ ಗೆಡ್ಡೆಗೆ ಮಣ್ಣು ಅಂಟಿಕೊಂಡೇ ಬರುತ್ತದೆ, ಅಲ್ಲಿ ಕೋಸು ಕಡಿದರೆ ಮಧ್ಯಾಹ್ನಕ್ಕೆ ಕತ್ತಿ ಮೊಂಡಾಗುತ್ತದೆ, ಹೀಗೆ. ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ಕೋಸಿನ ಲಾರಿಗೆ ಮೂಟೆ ಏರಿಸುವಾಗ ಹಗ್ಗ ಕಿತ್ತು ಬಡಿದದ್ದು. ನಗುವಾಗ ನಾಲಿಗೆಯ ತುದಿ ಆ ಸಂದಿಗೆ ಬಂದು ನಿಲ್ಲುತ್ತಿತ್ತು.

ದಿನಾ ಕೂಲಿ, ಮದುವೆಯ ತಿಂಗಳು ಬಂದರೆ ತಮಟೆ. ಅವನದು ಎಡಗೈ. ಉಳಿದವರೆಲ್ಲ ಬಲಗೈಯಲ್ಲಿ ಬಡಿಯುವವರಾದ್ದರಿಂದ ಸಾಲಿನ ನಡುವೆ ಇವನು ನಿಂತರೆ ಪಕ್ಕದವನ ಕೈಗೆ ಇವನ ಕೋಲು ತಾಗುತ್ತಿತ್ತು. ಅದಕ್ಕೇ ಅವನನ್ನು ಯಾವಾಗಲೂ ಸಾಲಿನ ಎಡತುದಿಯಲ್ಲಿ ನಿಲ್ಲಿಸುತ್ತಿದ್ದರು. ಎದುರಿನಿಂದ ನೋಡುವವರಿಗೆ ಅದು ಬಲತುದಿ. ಕ್ಯಾಮೆರಾ ಇರುವುದು ಎದುರಿಗೇ. ಈ ಮಾತನ್ನು ಇಲ್ಲಿಯೇ ಬರೆದಿಡುವುದು ಯಾಕೆಂದರೆ ಮುಂದೆ ಬೇಕಾಗುತ್ತದೆ.

ಏಳು ವರ್ಷದ ಹಿಂದೆ ಕೇರಿಯ ಹುಡುಗರೆಲ್ಲ ಕೂಡಿ, ಇನ್ನು ಯಾರ ಮನೆಯ ಮದುವೆಗೂ ತಮಟೆ ಹಿಡಿಯುವುದಿಲ್ಲ ಎಂದು ತೀರ್ಮಾನಿಸಿದರು. ಅವರ ಮಾತು ಸರಿಯಾಗಿಯೇ ಇತ್ತು. ಪುಟ್ಟಮಾದ “ಆಗ್ಲಿ ಕಣ್ರಲಾ, ನಿಮ್ ಮಾತೇ ನಡೀಲಿ” ಎಂದು ತಮಟೆಯನ್ನು ಗೋಡೆಯ ಗೂಟಕ್ಕೆ ನೇತುಹಾಕಿದ. ಮತ್ತೆ ಇಳಿಸಲಿಲ್ಲ. ಬಸ್ಸಿನಲ್ಲಿ ಕೂತಾಗ ಮಾತ್ರ ಎಡಗೈ ಬೆರಳುಗಳು ಮುಂದಿನ ಸೀಟಿನ ಕಂಬಿಯ ಮೇಲೆ ತಾವಾಗಿಯೇ ಆಡುತ್ತಿದ್ದವು.

ಮಗಳು ಸಂಗೀತ ಶಾಲೆ ಬಿಟ್ಟದ್ದು ಓದಲು ಬಾರದೆ ಅಲ್ಲ. ಎದ್ದು ನಿಂತು ತಮಿಳು ಪಾಠ ಓದು ಎಂದರೆ ಅವಳ ಗಂಟಲು ಕಟ್ಟುತ್ತಿತ್ತು. ಒಂದು ದಿನ ಇಡೀ ಪೀರಿಯಡ್ ನಿಲ್ಲಿಸಿದರು. ಮರುದಿನದಿಂದ ಅವಳು ಹೋಗಲಿಲ್ಲ. ಆರು ತಿಂಗಳು ಅವ್ವನ ಜೊತೆ ಬೆಳ್ಳುಳ್ಳಿ ಬಿಡಿಸಿದಳು. ಆಮೇಲೆ ಪುಟ್ಟಮಾದ ಅವಳನ್ನು ತಾಳವಾಡಿಗೆ ಕರೆದುಕೊಂಡು ಹೋಗಿ ಜಡೇಸ್ವಾಮಿಯ ಫೋಟೋ ಸ್ಟುಡಿಯೋ ಮುಂದೆ ನಿಂತ. ಈ ಸುತ್ತಿನ ಮದುವೆಗಳಿಗೆಲ್ಲ ಕ್ಯಾಮೆರಾ ಹಿಡಿಯುವವನು ಜಡೇಸ್ವಾಮಿಯೇ.

“ಸ್ವಾಮ್ಗಳೇ, ಈ ಕೂಸು ಮಾತಾಡಲ್ಲ. ಆದ್ರ ಕೈ ಬಲು ಜ್ವಾಕೆ. ಇವ್ಳು ಬುಡಿಸಿದ್ ಬೆಳ್ಳುಳ್ಳೀಲಿ ಒಂದ್ ಎಸಳಾದ್ರೂ ಗಾಯ ಇರಲ್ಲ, ಬೇಕಾದ್ರ ನೋಡ್ಕಳಿ” ಎಂದು ಅಂಗಿಯ ಜೇಬಿನಿಂದ ಒಂದು ಹಿಡಿ ಬೆಳ್ಳುಳ್ಳಿಯನ್ನೇ ತೆಗೆದು ಟೇಬಲ್ ಮೇಲಿಟ್ಟ. ಸಂಗೀತಳಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಜಡೇಸ್ವಾಮಿ ನಕ್ಕ. “ಮಾತಾಡ್ದೆ ಇದ್ರ ಒಳ್ಳೇದೇ ಬುಡು ಮಾದ. ಇಲ್ಲಿ ಮಾತಾಡೋಕ ನಾನೊಬ್ಬ ಸಾಕು.”

ಆಲ್ಬಂ ವಿನ್ಯಾಸ ಮಾಡುವ ಯೋಗೇಶ್ ಅವಳಿಗೆ ಕಂಪ್ಯೂಟರ್ ಕಲಿಸಿದ. ಒಂದು ವರ್ಷದಲ್ಲಿ ಬಣ್ಣ ತಿದ್ದುವುದು, ಹಾಳೆ ಜೋಡಿಸುವುದು, ಆಲ್ಬಂ ಕಟ್ಟುವುದು ಎಲ್ಲ ಬಂತು. ಸಂಜೆ ಕೂಲಿ ಮುಗಿಸಿ ಪುಟ್ಟಮಾದ ಬಸ್ ಸ್ಟ್ಯಾಂಡಿಗೆ ಬರುತ್ತಿದ್ದ, ಇಬ್ಬರೂ ಒಂದೇ ಬಸ್ಸಿನಲ್ಲಿ ಊರಿಗೆ. ಸ್ಟುಡಿಯೋ ಒಳಗೆ ಮಾತ್ರ ಅವನು ಕಾಲಿಡುತ್ತಿರಲಿಲ್ಲ. “ಬಾ ಅಪ್ಪ, ಆ ಸ್ಟೂಲ್ ಮೇಲ ಕೂತ್ಕೊ, ಒಂದೇ ಒಂದು ಪಟ ತಗೀತೀನಿ” ಎಂದು ಅವಳು ಎಷ್ಟೋ ಸಲ ಕರೆದಿದ್ದಳು. “ನನ್ ಮುಸುಡಿಗ್ಯಾಕವ್ವ ಪಟ, ಕ್ಯಾಮರ ಒಡ್ದೋಗ್ತದ” ಎಂದು ಟವೆಲನ್ನು ಮುಖದ ಮೇಲೆಳೆದುಕೊಳ್ಳುತ್ತಿದ್ದ. ಅವಳ ಮೊಬೈಲಿನಲ್ಲಿ ಅಪ್ಪನ ಎರಡು ಚಿತ್ರಗಳಿದ್ದವು. ಒಂದರಲ್ಲಿ ಬೆನ್ನು. ಇನ್ನೊಂದರಲ್ಲಿ ಹುಣಸೆ ಮರದಡಿ ಮಲಗಿದ್ದಾನೆ, ಮುಖದ ಮೇಲೆ ಟವೆಲು. ಒಂದಲ್ಲ ಒಂದು ದಿನ ಕೂರಿಸಿದರಾಯಿತು ಎಂದು ಅವಳು ಸುಮ್ಮನಿದ್ದಳು.

ಎರಡನೇ ವರ್ಷ ಸ್ಟುಡಿಯೋದ ಹಾರ್ಡ್ ಡಿಸ್ಕುಗಳೆಲ್ಲ ತುಂಬಿದವು. ಹದಿಮೂರು ವರ್ಷದ ಮದುವೆ, ನಾಮಕರಣ, ಗೃಹಪ್ರವೇಶ ಅವುಗಳಲ್ಲಿದ್ದವು. ಜಡೇಸ್ವಾಮಿ ಸಂಗೀತಳನ್ನು ಕರೆದು, “ಹಳೇ ಮದ್ವೆನೆಲ್ಲ ಚಿಕ್ಕದ್ ಮಾಡಿ ಇಟ್ಬುಡು. ದೊಡ್ಡ ಫೈಲ್ ಎಲ್ಲಾನೂ ಅಳಿಸು” ಎಂದ.

ಅವಳು ತಕ್ಷಣ ಶುರು ಮಾಡಲಿಲ್ಲ. ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ತಮಿಳಿನವರು, ಕನ್ನಡದವರು ಹೇಳಿದ್ದನ್ನೆಲ್ಲ ಹುಡುಕಿ ನೋಡಿದಳು. ಹಳೆಯ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಂಡಳು. ಕ್ಯಾಮೆರಾ ತಾನೇ ಬರೆಯುವ ಮೂಲ ಫೈಲಿಗೆ ‘ರಾ’ ಎನ್ನುತ್ತಾರೆ. ಕ್ಯಾಮೆರಾ ಕಂಡದ್ದೆಲ್ಲ ಅದರಲ್ಲಿ ಹಾಗೆಯೇ ಇರುತ್ತದೆ, ಆದರೆ ಕಂಪನಿಗೊಂದು ಬಗೆ, ಮುಂದೊಂದು ದಿನ ಅದನ್ನು ತೆರೆಯುವ ಸಾಫ್ಟ್‌ವೇರ್ ಸಿಗದೆ ಹೋಗಬಹುದು. ‘ಟಿಫ್’ ಎಂಬುದು ಏನನ್ನೂ ಕಳೆದುಕೊಳ್ಳದೆ ಎಲ್ಲ ಕಡೆ ತೆರೆಯುತ್ತದೆ, ಆದರೆ ಬಹಳ ಜಾಗ ತಿನ್ನುತ್ತದೆ. ‘ಜೆಪೆಗ್’ ಚಿಕ್ಕದು. ಚಿಕ್ಕದಾಗುವುದಕ್ಕಾಗಿ ಕಣ್ಣಿಗೆ ಬೇಡವೆನಿಸಿದ್ದನ್ನು ಬಿಸಾಡುತ್ತದೆ. ಬಿಸಾಡಿದ್ದು ಮತ್ತೆ ಬರುವುದಿಲ್ಲ. ತೆರೆದು ತಿದ್ದಿ ಉಳಿಸಿದಾಗಲೆಲ್ಲ ಇನ್ನೂ ಒಂದಿಷ್ಟು ಹೋಗುತ್ತದೆ.

ಆ ಸಂಜೆ ಬಸ್ಸಿನಲ್ಲಿ ಇದನ್ನೆಲ್ಲ ಅಪ್ಪನಿಗೆ ಹೇಳಿದಳು. ಅಪ್ಪನ ಹತ್ತಿರ ಮಾತ್ರ ಅವಳ ಗಂಟಲು ಕಟ್ಟುತ್ತಿರಲಿಲ್ಲ. ಪುಟ್ಟಮಾದ ಕಣ್ಣು ಮುಚ್ಚಿ ಕೇಳಿಸಿಕೊಂಡ.

“ಅಂಗಂದ್ರ ಮೊದಲ್ನೇದು ರಾಗಿ ತೆನೆ. ಎರಡ್ನೇದು ಕಾಳು. ಮೂರ್ನೇದು ಇಟ್ಟು. ಸರಿಯಾ?”

“ಸರಿ.”

“ಇಟ್ಟಾದ್ರ ಒಂದ್ ಮೂಲೇಲಿ ಕೂತ್ಕತದ. ಬೇಕಾದಾಗ ಮುದ್ದೆ ತಿರುವ್ಕಬೋದು. ಆದ್ರ ಇಟ್ಟ ಬಿತ್ತಕಾದದಾ?”

“ಇಲ್ಲ.”

“ಮತ್ಯಾಕ ನನ್ನ ಕೇಳ್ತಿದ್ದಯ್? ಒಂದೀಟು ಬಿತ್ತನೆಗ ಎತ್ತಿಡಿ ಅನ್ನು ನಿಮ್ ಸ್ವಾಮ್ಗ. ಎಲ್ಲಾನೂ ಬೀಸ್ಬುಟ್ಟು ಆಮೇಲ ಬಾಯ್ ಬಾಯ್ ಬಡ್ಕಂಡ್ರ ಬಂದದಾ?”

ಹಿಂದಿನ ಸೀಟಿನಿಂದ ಯಾರೋ, “ಏನ್ಲಾ ಮಾದ, ಬಸ್ಸಲ್ಲೇ ಕಣ ಮಾಡ್ಬುಟ್ಟಾ?” ಎಂದರು. “ಊಂ ಕಣ್ಲಾ, ನೀ ಬಂದು ತೂರ್ಕೊಡು” ಎಂದ ಪುಟ್ಟಮಾದ. ಬಸ್ಸೆಲ್ಲ ನಕ್ಕಿತು.

ಮರುದಿನ ಸಂಗೀತ ಜಡೇಸ್ವಾಮಿಯ ಎದುರು ಬಾಯಿಬಿಟ್ಟು ಕೇಳಲು ಹೋಗಲಿಲ್ಲ. ಒಂದು ಚೀಟಿ ಬರೆದು ಅವನ ಟೇಬಲ್ ಮೇಲಿಟ್ಟಳು. ‘ಸಾರ್, ಮೂಲ ಫೈಲು ಅಳಿಸಬೇಡಿ. ಆಗದಿದ್ದರೆ ಒಂದು ಮದುವೆಗೆ ನೂರು ಚಿತ್ರವನ್ನಾದರೂ ಟಿಫ್ ಮಾಡಿ ಇಡೋಣ. ಮಿಕ್ಕದ್ದನ್ನು ಗಾತ್ರ ಕುಗ್ಗಿಸದೆ ಜೆಪೆಗ್ ಮಾಡೋಣ. ಎರಡು ಕಡೆ ಇಡೋಣ. ಇದು ಬಿತ್ತನೆಯ ರಾಗಿ ಇದ್ದ ಹಾಗೆ ಎಂದು ನಮ್ಮಪ್ಪ ಹೇಳಿದರು.’

ಜಡೇಸ್ವಾಮಿ ಅದನ್ನು ಯೋಗೇಶನಿಗೆ ಕೇಳುವಂತೆ ಗಟ್ಟಿಯಾಗಿ ಓದಿದ. “ಬಿತ್ತನೆ ರಾಗಿಯಂತ ಕಣ್ಲಾ ಯೋಗಿ! ಅವ್ರಪ್ಪ ಯಾವ್ ಒಲ್ಕ ಬಿತ್ತಿದ್ದನು? ಮಂದಿ ಒಲ್ಕ ಬಿತ್ತಿ ಬಿತ್ತಿ ಬುದ್ಧಿ ಬಲ್ತೋಗದ.” ಯೋಗೇಶ್ ನಕ್ಕ. ಜಡೇಸ್ವಾಮಿ ಚೀಟಿಯನ್ನು ಮಡಿಸಿ ಟೀ ಲೋಟದಡಿಗಿಟ್ಟ. “ನೋಡು ಕೂಸೇ, ಪೆನ್‌ಡ್ರೈವ್ ಕೊಟ್ಟಿವಿ, ಆಲ್ಬಂ ಕೊಟ್ಟಿವಿ, ನಮ್ ಕೆಲ್ಸ ಮುಗೀತು. ಹತ್ತ್ ವರ್ಷ ಆದ್ಮೇಲ ಯಾವನೂ ಬಂದು ಅದ ಕೊಡಿ ಇದ ಕೊಡಿ ಅನ್ನಲ್ಲ. ಅಗಲ ಸಾವಿರದ ಆರ್ನೂರ್ ಪಿಕ್ಸೆಲ್ ಚುಕ್ಕಿ, ಕ್ವಾಲಿಟಿ ಆರು. ಮಾಡು, ಅಳಿಸು. ಗುಮಟಾಪುರದ ಹಬ್ಬದ ಫೋಲ್ಡರ್ ಒಂದ ಮುಟ್‌ಬ್ಯಾಡ, ಅದ ಸ್ಪರ್ಧೆಗ ಕಳಿಸ್ಬೇಕು.”

ಗುಮಟಾಪುರದ್ದು ಸಗಣಿ ಎರಚಾಡುವ ಹಬ್ಬ. ಹೀಗೆ ಸಗಣಿ ಬಳಿದುಕೊಂಡ ಮುಖಗಳೆಲ್ಲ ಮೂಲ ಗಾತ್ರದಲ್ಲಿ ಉಳಿದವು. ತೊಳೆದ ಮುಖಗಳು ಚಿಕ್ಕದಾದವು.

ನಾಲ್ಕು ತಿಂಗಳು ಸಂಗೀತ ಆ ಕೆಲಸ ಮಾಡಿದಳು. ಮನಸ್ಸಿಲ್ಲದ ಕೆಲಸವನ್ನೂ ಅವಳು ಜೋಕೆಯಾಗಿಯೇ ಮಾಡುವವಳು. ಯಾರೂ ಹೇಳದೆ ತಾನೇ ಒಂದು ಕ್ರಮ ಹಾಕಿಕೊಂಡಳು. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ದಿನಾಂಕ, ಫೋಲ್ಡರಿನ ಹೆಸರು, ಚಿತ್ರಗಳ ಲೆಕ್ಕ ಬರೆದಳು. ಕುಗ್ಗಿಸಿದ ಪ್ರತಿ ಚಿತ್ರವನ್ನೂ ತೆರೆದು, ಹಿಗ್ಗಿಸಿ, ಮೊದಲು ಮದುಮಗಳ ಕಣ್ಣು, ಆಮೇಲೆ ಮದುಮಗನ ಕಣ್ಣು ನೋಡುತ್ತಿದ್ದಳು. ರೆಪ್ಪೆ ಬಿಡಿಬಿಡಿಯಾಗಿ ಕಂಡರೆ ‘ಸರಿ ಇದೆ’ ಎಂದು ಬರೆದು ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದಳು. ಒಂದು ಫೋಲ್ಡರಿನ ಅಷ್ಟೂ ಚಿತ್ರಗಳಿಗೆ ಗುರುತು ಬಿದ್ದ ಮೇಲೆಯೇ ಮೂಲ ಫೈಲುಗಳನ್ನು ಅಳಿಸುತ್ತಿದ್ದಳು. ತೀರ ಹಳೆಯದರಿಂದ ಶುರುವಾಗಿ ಎಂಟು ವರ್ಷದ ಮದುವೆಗಳು ಮುಗಿದವು. ಇನ್ನೂ ಈಚಿನ ಐದು ವರ್ಷದವು ಉಳಿದಿದ್ದವು, ಅಷ್ಟರಲ್ಲಿ ಹೊಸ ಮದುವೆಗಳ ಆಲ್ಬಂ ಕೆಲಸ ಬಂದು ಅದು ಅಲ್ಲಿಗೇ ನಿಂತಿತು. ಖಾಲಿಯಾದ ಜಾಗಕ್ಕೆ ಹೊಸ ಮದುವೆಗಳು ಬಂದು ಕೂತವು.

ಮಾರ್ಚ್ ತಿಂಗಳಲ್ಲಿ, ಬೆಳ್ಳುಳ್ಳಿ ಕೀಳುವ ಹೊಲದಲ್ಲಿ, ಪುಟ್ಟಮಾದ ಬಾಯಾರಿಕೆ ಎಂದು ಬದುವಿನ ಮೇಲೆ ಕೂತವನು ಎದ್ದೇಳಲಿಲ್ಲ. ನೀರು ತರಲು ಹೋದವಳು ಚಿಕ್ಕತಾಯಮ್ಮನೇ. ಚೊಂಬು ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಸ್ ಸ್ಟ್ಯಾಂಡಿನಲ್ಲಿ ಆ ಸಂಜೆ ಕಾಯಲು ಯಾರೂ ಇರಲಿಲ್ಲ. ಸಂಗೀತಳನ್ನು ಮಧ್ಯಾಹ್ನವೇ ಯೋಗೇಶ್ ಬೈಕಿನಲ್ಲಿ ತಂದು ಬಿಟ್ಟ.

ಮಣ್ಣು ಮಾಡುವ ಮೊದಲು ಯಾರೋ ಮೊಬೈಲು ಎತ್ತಿದರು. ಚಿಕ್ಕತಾಯಮ್ಮ ಅಡ್ಡ ಬಂದಳು. “ಕಣ್ ಮುಚ್ಚಿದ್ ಮಕವ ಗ್ವಾಡಗ ಆಕಲ್ಲ. ತಗೀಬ್ಯಾಡಿ” ಎಂದಳು.

ಅವರಲ್ಲಿ ಹನ್ನೊಂದನೇ ದಿನ ಸತ್ತವರಿಗೆ ಎಡೆ ಇಡುತ್ತಾರೆ. ಈಗೀಗ ಎಲ್ಲರ ಮನೆಯಲ್ಲೂ ಪಟಕ್ಕೆ ಕಟ್ಟು ಹಾಕಿಸಿ, ಹೂವು ಮುಡಿಸಿ, ಅದರ ಮುಂದೆ ಎಲೆ ಹಾಕಿ, ಅವರು ಬದುಕಿದ್ದಾಗ ಇಷ್ಟಪಟ್ಟು ತಿನ್ನುತ್ತಿದ್ದುದನ್ನು ಬಡಿಸುತ್ತಾರೆ. ಆ ಪಟ ಆಮೇಲೆ ಗೋಡೆಯಲ್ಲೇ ಉಳಿಯುತ್ತದೆ. ಸಂಗೀತ ಆಧಾರ್ ಕಾರ್ಡಿನ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದಳು. ಚಿಕ್ಕತಾಯಮ್ಮ ತಲೆಯಲ್ಲಾಡಿಸಿದಳು.

“ಇಂವ ಯಾರೋ ಪೊಲೀಸ್ನೋರ ಕೈಲಿ ಸಿಕ್ಕಾಕಂಡೋನು. ನಿಮ್ಮಪ್ಪ ಅಲ್ಲ. ಅಂವ ನಗ್ತಿರ್ಬೇಕು.”

“ನಗೋ ಪಟ ಎಲ್ಲದವ್ವ?”

“ಅದ. ಗುರುಮಲ್ಲಪ್ಪನೋರ ಮಗನ್ ಮದ್ವೇಲಿ ನಿಮ್ ಸ್ವಾಮಿನೇ ತಗ್ದವ್ರ. ನಾ ಕಣ್ಣಾರ ಕಂಡಿವ್ನಿ. ಪಾತ್ರ ತಿಕ್ಕದ ಬುಟ್ಟು ಮಸಿ ಕೈಲೇ ಇತ್ಲ ಗ್ವಾಡ ತಾವ ನಿಂತಿದ್ದಿ. ಎಣ್ಣು ಬಾಗ್ಲಿಗ ಬಂದಿತ್ತು. ನಿಮ್ಮಪ್ಪ ತಿರುಗಿ ಅದೇನೋ ಅಂದ, ನಕ್ಕ. ಆವಾಗ್ಲೇ ಬೆಳಕು ಪಳ್ ಅಂತು. ನೀನು ಸ್ಟುಡಿಯೋದಲ್ಲೇ ಇದ್ದಯಲ್ಲ, ಉಡುಕ್ಕಂಡ್ ಬಾ.”

ದೊಡ್ಡಗಾಜನೂರಿನ ಗುರುಮಲ್ಲಪ್ಪನ ಮಗ ವೃಷಭೇಂದ್ರನ ಮದುವೆ ಆಗಿ ಒಂಬತ್ತು ವರ್ಷವಾಗಿತ್ತು. ಅಪ್ಪ ತಮಟೆ ಹಿಡಿದ ಎಲ್ಲ ಮದುವೆಗಳಂತೆ ಅದೂ ಕುಗ್ಗಿಸಿದ ಎಂಟು ವರ್ಷದೊಳಗಿನದು. ಸಂಗೀತಳಿಗೆ ಅದು ಗೊತ್ತಿತ್ತು. ಆದರೂ ಅವ್ವನಿಗೆ ಹೂಂ ಎಂದಳು.

ನಾಲ್ಕನೇ ದಿನ ಸ್ಟುಡಿಯೋಗೆ ಹೋಗಿ ಫೋಲ್ಡರ್ ತೆರೆದಳು. ಸಾವಿರದ ನಾನೂರ ಹನ್ನೆರಡು ಚಿತ್ರಗಳು. ೩೮೭ನೆಯದರಲ್ಲಿ ಮದುಮಗಳು ರಂಜಿತ ಹಸಿರು ಚಪ್ಪರದಡಿ ನಿಂತು ನಗುತ್ತಿದ್ದಳು. ಅವಳ ಮುಂದೆ ಇಕ್ಕೆಲದಲ್ಲಿ ತಮಟೆಯವರ ಸಾಲು. ಬಲಗಡೆಯ ಕಟ್ಟಕಡೆಯಲ್ಲಿ, ಚಿತ್ರ ಮುಗಿಯುವ ಗೆರೆಗೆ ತಾಗಿ, ಎತ್ತಿದ ಎಡಗೈ, ಅರ್ಧ ತಿರುಗಿದ ಒಂದು ಮುಖ. ಅವಳು ಹಿಗ್ಗಿಸಿದಳು. ಕಂದು ಚೌಕ, ಕಪ್ಪು ಚೌಕ, ಬಾಯಿ ಇರಬೇಕಾದಲ್ಲಿ ಒಂದು ಬಿಳಿ ಚೌಕ. ಇನ್ನೂ ಹಿಗ್ಗಿಸಿದಳು. ಚೌಕಗಳು ದೊಡ್ಡವಾದವು, ಅಷ್ಟೇ. ಮೂಲದಲ್ಲಿ ಆ ಮುಖ ಇನ್ನೂರು ಚುಕ್ಕಿಗಳ ಅಗಲವಾದರೂ ಇದ್ದಿರಬೇಕು. ಮುರಿದ ಹಲ್ಲು, ಅದರ ಸಂದಿಯ ನಾಲಿಗೆ ತುದಿ, ಎಲ್ಲ ಇದ್ದಿರಬೇಕು. ಈಗ ಐವತ್ತೂ ಇರಲಿಲ್ಲ.

ನೋಟ್‌ಬುಕ್ ತೆಗೆದಳು. ಹದಿನೇಳನೇ ಪುಟ. ‘ವೃಷಭೇಂದ್ರ – ರಂಜಿತ. ೧೪೧೨. ಮದುಮಗಳ ಕಣ್ಣು ಸರಿ ಇದೆ. ಮದುಮಗನ ಕಣ್ಣು ಸರಿ ಇದೆ.’ ಕೆಳಗೆ ಅವಳದೇ ಕೆಂಪು ಗುರುತು. ಸೊಟ್ಟ ಅಕ್ಷರ ಅವಳದಲ್ಲ ಎನ್ನುವಂತಿಲ್ಲ.

ಆ ಗುರುತು ಹಾಕಿದ ದಿನವೂ ಅಪ್ಪ ಸಂಜೆ ಬಸ್ ಸ್ಟ್ಯಾಂಡಿಗೆ ಬಂದಿದ್ದನಲ್ಲ. ಮಧ್ಯಾಹ್ನ ಅವನನ್ನು ಅಳಿಸಿ, ಸಂಜೆ ಅವನ ಪಕ್ಕದಲ್ಲೇ ಕೂತು ಕಡಲೆಕಾಯಿ ತಿನ್ನುತ್ತಾ ಊರಿಗೆ ಹೋಗಿದ್ದಳು. ೩೮೭ನೇ ಚಿತ್ರವನ್ನು ಅವಳು ತೆರೆದಿದ್ದಳು, ಹಿಗ್ಗಿಸಿದ್ದಳು, ರಂಜಿತಳ ರೆಪ್ಪೆಗಳನ್ನು ನೋಡಿದ್ದಳು. ಬಲಕ್ಕೆ ನಾಲ್ಕು ಬೆರಳು ಸರಿಸಿದ್ದರೆ ಸಾಕಿತ್ತು.

ಯೋಗೇಶ್ ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರನ್ನು ಎರಡು ದಿನ ಓಡಿಸಿ ನೋಡಿದ. ಬಂದದ್ದೆಲ್ಲ ಹೋದ ತಿಂಗಳ ಮದುವೆಗಳ ಚೂರುಗಳು. ಹಳೆಯದರ ಮೇಲೆ ಹೊಸದು ಕೂತುಬಿಟ್ಟಿತ್ತು. “ಅವ್ರಿಗ್ ಕೊಟ್ಟ ಪೆನ್‌ಡ್ರೈವಲ್ಲಿ ಪೂರ್ತಿ ಗಾತ್ರದ್ದು ಇರ್ತದ ಕಣವ್ವ. ಅವ್ರ್ ಮನಗೋಗಿ ಕೇಳು” ಎಂದ. ಅವನ ದನಿಯಲ್ಲಿ ಈ ಸಲ ನಗೆ ಇರಲಿಲ್ಲ.

ಅಪರಿಚಿತರ ಮನೆಗೆ ಒಬ್ಬಳೇ ಹೋಗುವುದೆಂದರೆ ಸಂಗೀತಳಿಗೆ ತಮಿಳು ಪಾಠಕ್ಕಿಂತ ಕಷ್ಟ. ಆದರೂ ಬಸ್ಸಿಳಿದು, ಕೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಾ ಹೋದಳು. ಗುರುಮಲ್ಲಪ್ಪನ ಹೆಂಡತಿ ಶಿವನಂಜಮ್ಮ ಜಗುಲಿಯ ಮೇಲೆ ಹುರುಳಿ ಕೇರುತ್ತಿದ್ದಳು.

“ಯಾರ್ ಮಗಳವ್ವ ನೀನು?”

“ಪಣಕಹಳ್ಳಿ ಪುಟ್ಟಮಾದನ...”

“ಓ, ಎಡಗೈ ಮಾದನ ಮಗಳಾ? ಓಗ್ಬುಟ್ನಂತಲ್ಲ, ಪಾಪ. ಒಳ್ಳೇ ಆಳು ಕಣವ್ವ. ತಮಟ ಬುಟ್ಬುಟ್ ಮೇಲ ನಮ್ ಬೀದಿ ಕಡೀಕ ತಲನೇ ಆಕ್ನಿಲ್ಲ. ದೊಡ್ಡೋರಾಗ್ಬುಟ್ರಿ ನೀವೆಲ್ಲ.” ಮೊರ ನಿಲ್ಲಲಿಲ್ಲ. “ಅಲ್ಲೇ ಮೆಟ್ಲ ತಾವ ಕೂತ್ಕೊ.”

ಒಳಗಿನಿಂದ ಸೊಸೆ ರಂಜಿತ ಬಂದಳು. ಬಾಯಿಪಾಠ ಮಾಡಿದ್ದು ಅರ್ಧ ಮರೆತು, ಅರ್ಧ ತೊದಲಿ, ಸಂಗೀತ ಹೇಗೋ ಹೇಳಿ ಮುಗಿಸಿದಳು. ಕೇಳಿದ ಮೇಲೆ ರಂಜಿತ ಕೆಳತುಟಿ ಕಚ್ಚಿಕೊಂಡಳು.

“ಆ ಪೆನ್‌ಡ್ರೈವಾ? ಅದ್ರಲ್ಲಿರದೆಲ್ಲ ಅಳಿಸ್ಬುಟ್ಟು ನಮ್ಮೆಜಮಾನ್ರು ಟ್ಯಾಕ್ಟರ್ಲಿ ಕೇಳಕ ಸಿನಿಮಾ ಆಡು ತುಂಬಿಸ್ಕಂಡವ್ರಲ್ಲ ಕಣವ್ವ. ನಾಕ್ ವರ್ಷಾಯ್ತು. ಆಲ್ಬಂ ಅದ, ತಾಳು.”

ಆಲ್ಬಂ ತಂದಳು. ಸಂಗೀತ ಕೈ ಚಾಚಿದಳು. ಶಿವನಂಜಮ್ಮ ಮೊರದಿಂದ ಕಣ್ಣೆತ್ತದೆಯೇ, “ನೀ ಮುಟ್‌ಬ್ಯಾಡ ಕೂಸೇ, ಆಳೆ ಕೊಳೆಯಾಗ್ತದ. ಅವ್ಳೇ ಮಗಚಿ ತೋರ್ತಾಳ” ಎಂದಳು. ವಾರಕ್ಕೆರಡು ಅಂಥ ಆಲ್ಬಂಗಳಿಗೆ ಹಾಳೆ ಅಂಟಿಸಿ, ಒರೆಸಿ, ಪೆಟ್ಟಿಗೆಗೆ ಹಾಕಿ ಕೊಡುತ್ತಿದ್ದುದು ಸಂಗೀತಳ ಕೈಯೇ. ಅವಳು ಕೈಯನ್ನು ಮಡಿಲಿಗೆ ಎಳೆದುಕೊಂಡಳು.

ರಂಜಿತ ಮೇಲಿನ ಮೆಟ್ಟಿಲ ಮೇಲೆ ಕೂತು ಒಂದೊಂದೇ ಹಾಳೆ ಮಗುಚಿದಳು. ನಗುವ ಚಿತ್ರ ಎರಡು ಪುಟದ ತುಂಬ ಇತ್ತು. ತಮಟೆಯವರು ಯಾರೂ ಇರಲಿಲ್ಲ. ಅವರು ನಿಂತಿದ್ದ ಕಡೆ ಒಂದು ಅರಮನೆಯ ಕಮಾನು, ಅದರ ಮೇಲಿಂದ ಗುಲಾಬಿ ಬಳ್ಳಿ. ಯೋಗೇಶ್ ಎಲ್ಲ ಆಲ್ಬಂಗಳಲ್ಲೂ ಹಾಕುವ ಕಮಾನು ಅದು. ಅಪ್ಪನ ಜಾಗದಲ್ಲಿ ಮೂರು ಹೂವುಗಳಿದ್ದವು.

“ಇದ್ನೇ ದೊಡ್ಡದ್ ಮಾಡ್ಸಿ ನಡುಮನೇಲಿ ಆಕವ್ರ” ಎಂದು ರಂಜಿತ ಬಾಗಿಲ ಕಡೆ ತೋರಿಸಿದಳು. ಮೆಟ್ಟಿಲಲ್ಲಿ ಕೂತಲ್ಲಿಂದಲೇ ಕಾಣುತ್ತಿತ್ತು, ತೋಳಿನಷ್ಟು ಉದ್ದದ ಚಿತ್ರ, ಕಮಾನು, ಹೂವು, ನಗು. “ಬಂದೋರೆಲ್ಲ ಕೇಳ್ತರ, ಎಷ್ಟ್ ಚೆಂದಾಗಿ ನಕ್ಕಿದ್ದಯ್ ಅಂತ. ಯಾಕ್ ನಕ್ಕಿ ಅಂತ ಯಾರೂ ಕೇಳ್ನಿಲ್ಲ.” ಅತ್ತೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. “ನಾ ತೌರ್ ಮನ ಬುಟ್ ಬಂದಿದ್ದಿ, ಅಳ ತಡೆಯಕೇ ಆಗ್ನಿಲ್ಲ. ನಿಮ್ಮಪ್ಪ ತಿರುಗಿ, ‘ಅವ್ವಾರೆ, ನೀವ್ ಅಳದ ನಿಲ್ಸುದ್ರ ನಾ ಬಡಿಯದ ನಿಲ್ಸ್ತೀನಿ, ಎಡಗೈ ಬಿದ್ದೋಯ್ತು’ ಅಂದ್ರು. ನಂಗ ಪಕ್ ಅಂತ ನಗು ಬಂದ್ಬುಡ್ತು. ಆವಾಗ ತಗ್ದದ್ದು ಇದು.”

ಶಿವನಂಜಮ್ಮ ಮೊರ ಕೊಡವಿದಳು. “ಸಾಕ್ ಬಾ ಒಳಕ, ಆಲು ಉಕ್ತದ.”

ಸ್ಟುಡಿಯೋಗೆ ಹಿಂದಿರುಗಿದಾಗ ಜಡೇಸ್ವಾಮಿ ಮೊಬೈಲು ಹಿಡಿದು ಕಾಯುತ್ತಿದ್ದ. ಅವನಿಗೂ ಒಳಗೆಲ್ಲೋ ಚುಚ್ಚಿರಬೇಕು. “ಬಾ ಇಲ್ಲಿ. ಈಗೆಲ್ಲ ಹೊಸಾ ಆ್ಯಪ್ ಬಂದವ. ಮಸುಕ್ ಮಕ ಕೊಟ್ರ ಅದೇ ತಿದ್ದಿ ಕೊಡ್ತದ. ನೋಡು, ಎಷ್ಟ್ ಕ್ಲಿಯರ್ ಆಗದ!”

ತೆರೆಯ ಮೇಲೆ ಒಬ್ಬ ಗಂಡಸು ನಗುತ್ತಿದ್ದ. ನೆಟ್ಟಗಿನ ಮೂಗು, ಎಣ್ಣೆಗೆಂಪು ಬಣ್ಣ, ಒಂದೂ ಮುರಿಯದ ಸಾಲು ಹಲ್ಲು. ಅಂಗಿಯ ಬದಲು ನೀಲಿ ಕೋಟು. ಚೌಕಗಳಲ್ಲಿ ಇಲ್ಲದ್ದನ್ನೆಲ್ಲ ಅದು ಯಾರ್ಯಾರದೋ ಮುಖದಿಂದ ತಂದು ತುಂಬಿತ್ತು. “ಕಟ್ಟೂ ನಾನೇ ಆಕ್ಸಿ ಕೊಡ್ತೀನಿ, ತಕ್ಕೊಂಡೋಗು” ಎಂದ ಜಡೇಸ್ವಾಮಿ. ಅದು ಅಪ್ಪನಲ್ಲ. ಆದರೂ ಕಟ್ಟು ಹಾಕಿಸಿ ಕೊಟ್ಟಾಗ ಸಂಗೀತ ತೆಗೆದುಕೊಂಡಳು. ಕಾಗದದಲ್ಲಿ ಸುತ್ತಿದ ಆ ಪಟವನ್ನು ಬಸ್ಸಿನಲ್ಲಿ ಪಕ್ಕದ ಸೀಟಿಗೆ ಇಡಲು ಮನಸ್ಸಾಗದೆ ಕಾಲ ಬುಡದಲ್ಲಿಟ್ಟುಕೊಂಡು ಹೋದಳು.

ಚಿಕ್ಕತಾಯಮ್ಮ ಕಾಗದ ಬಿಚ್ಚಿ, ಬಾಗಿಲ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದಳು.

“ಚೆಂದಾಗವ್ನ. ಯಾರವ್ವ ಇಂವ?”

ಸಂಗೀತ ಆಗ ಎಲ್ಲವನ್ನೂ ಹೇಳಿದಳು. ಚೀಟಿಯ ವಿಷಯ, ಕೆಂಪು ಗುರುತು, ಹದಿನೇಳನೇ ಪುಟ. ಯಾವುದನ್ನೂ ಬಿಡಲಿಲ್ಲ. ಚಿಕ್ಕತಾಯಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ನೀನೂ ಎಣ್ಣು ಗಂಡ್ನೇ ನೋಡ್ದಾ ಮಗ?” ಎಂದಳು, ಅಷ್ಟೇ. ಆ ಮಾತು ಮುಗಿದ ಮೇಲೂ ಸಂಗೀತಳಿಗೆ ದಿನಾ ಕೇಳಿಸುತ್ತದೆ.

ಹನ್ನೊಂದನೇ ದಿನ ನೆಂಟರು ಬಂದರು. ಬೇರೇನೂ ಇಲ್ಲದ್ದರಿಂದ ಆ ಪಟವನ್ನೇ ಗೋಡೆಗೆ ಒರಗಿಸಿ, ಹೂವು ಹಾಕಿ, ಮುಂದೆ ಎಲೆ ಹಾಸಿದ್ದರು. ಪುಟ್ಟಮಾದನ ಜೊತೆ ತಮಟೆ ಬಡಿಯುತ್ತಿದ್ದ ಮುದುಕ ರಾಚ ಬಾಗಿಲಲ್ಲೇ ನಿಂತ.

“ಮಾದನ ಮನಗ್ ಬಂದ್ನಾ, ಇಲ್ಲ ಯಾವ್ದಾರ ಆಫೀಸರ್ ಮನಗ್ ಬಂದ್ಬುಟ್ನಾ?”

“ಸತ್ ಮೇಲ ಕೆಂಪಗಾಗವ್ನ ಬುಡು ಅಣ್ಣ” ಎಂದ ಇನ್ನೊಬ್ಬ. “ಅಲ್ಲು ಬ್ಯಾರೆ ಕಟ್ಟಿಸ್ಕಂಡವ್ನ!”

ಒಂದಿಬ್ಬರು ನಕ್ಕರು. ಪುಟ್ಟಮಾದ ಇದ್ದಿದ್ದರೆ ಅವನೂ ನಗುತ್ತಿದ್ದ. ಚಿಕ್ಕತಾಯಮ್ಮ ಮುದ್ದೆಯ ತಟ್ಟೆಯನ್ನು ಕೆಳಗಿಟ್ಟು, ಪಟದ ಹೂವು ಬಿಚ್ಚಿ, ಅದನ್ನು ತಿರುಗಿಸಿ ಮೂಲೆಗೆ ಇಟ್ಟಳು.

“ಅಂವ್ನ ಎಡೆಯ ಇನ್ಯಾವನೋ ಉಣ್ಣದ್ ಬ್ಯಾಡ.”

ಮುದ್ದೆ, ಹುರುಳಿ ಸಾರು, ಒಂದು ಕಟ್ಟು ಬೀಡಿ. ಬರಿಯ ಗೋಡೆಯ ಮುಂದೆ ಎಲೆಯ ಮೇಲೆ ಬಡಿಸಿ ಎಲ್ಲರೂ ಕೈ ಮುಗಿದರು. ಗೋಡೆಯಲ್ಲಿ ಮೊಳೆ ಇತ್ತು. ಅದು ಈಗಲೂ ಖಾಲಿ ಇದೆ.

ಮರುವಾರ ಜಡೇಸ್ವಾಮಿ, ಉಳಿದ ಐದು ವರ್ಷದ್ದನ್ನೂ ಮಳೆಗಾಲದೊಳಗೆ ಕುಗ್ಗಿಸಿ ಮುಗಿಸು ಎಂದ. ಸಂಗೀತ ಮೊದಲ ಫೋಲ್ಡರ್ ತೆರೆದಳು. ಮೂಲ ಫೈಲು. ಮದುಮಗಳನ್ನು ಬಿಟ್ಟು ನೇರ ಬಲ ಅಂಚಿಗೆ ಹೋಗಿ ಹಿಗ್ಗಿಸಿದಳು. ಪಾತ್ರೆ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತ ಒಬ್ಬ ಹೆಂಗಸು. ಯಾವ ಊರಿನವಳೋ ಗೊತ್ತಿಲ್ಲ. ಮೊಣಕೈವರೆಗೆ ಮಸಿ, ಬಿರುಕು ಬಿಟ್ಟ ಗಾಜಿನ ಬಳೆ, ಹಣೆಯ ಮೇಲಿನ ಬೆವರ ಹನಿ ಕೂಡ ಬಿಡಿಬಿಡಿಯಾಗಿ ಕಾಣುತ್ತಿತ್ತು. ಅಳಿಸುವ ಗುಂಡಿಯ ಹತ್ತಿರ ಅವಳ ಬೆರಳು ಹೋಗಲಿಲ್ಲ. ಮತ್ತೊಂದು ಚೀಟಿ ಬರೆದು ಜಡೇಸ್ವಾಮಿಯ ಟೇಬಲ್ ಮೇಲಿಟ್ಟಳು. ‘ನಾನು ಅಳಿಸುವುದಿಲ್ಲ ಸಾರ್. ಅಳಿಸಲೇಬೇಕಾದರೆ ನೀವೇ ಅಳಿಸಿ.’ ಅವನು ಓದಿದ. ಈ ಸಲ ಗಟ್ಟಿಯಾಗಿ ಓದಲಿಲ್ಲ, ಮಡಿಸಿ ಜೇಬಿಗಿಟ್ಟುಕೊಂಡ. ಕೆಲಸ ಇರುತ್ತದೋ ಹೋಗುತ್ತದೋ ತಿಳಿಯದು.

ಇರುವಷ್ಟು ದಿನ ಸಂಗೀತ ಇಷ್ಟು ಮಾಡುತ್ತಾಳೆ. ಸೋಮವಾರದಿಂದ ಆ ಐದು ವರ್ಷದ ಮೂಲ ಫೈಲುಗಳನ್ನು ಒಂದೊಂದಾಗಿ ತೆರೆದು ನಾಲ್ಕೂ ಅಂಚುಗಳನ್ನು ನೋಡುತ್ತಾಳೆ. ಅಲ್ಲಿ ನಿಂತವರ, ಕೂತವರ ಮುಖಗಳನ್ನು ಬೇರೆ ತೆಗೆದು ಟಿಫ್ ಮಾಡಿ, ಅವರ ಹೆಸರು ಮತ್ತು ಊರು ವಿಚಾರಿಸಿ ಬರೆದು, ಎರಡು ಕಡೆ ಇಡುತ್ತಾಳೆ. ಒಂದೊಂದು ಪ್ರತಿಯನ್ನು ಅವರವರ ಮನೆಗೆ ಕೊಟ್ಟು ಬರುತ್ತಾಳೆ. ಮೊದಲು ಆ ಮಸಿ ಕೈಯ ಹೆಂಗಸಿನ ಊರು ಯಾವುದೆಂದು, ಸುತ್ತಿನ ಊರಿನವರನ್ನೆಲ್ಲ ಬಲ್ಲ ರಾಚನನ್ನು ಕೇಳುತ್ತಾಳೆ.